ಬೇಲಿಯಾಚೆಯ ನಗು

ಜೂನ್ ಹದಿನಾಲ್ಕರ ಬೆಳಿಗ್ಗೆ, ಉತ್ತರ ಧ್ರುವದ ಕಡೆಗಿರುವ ಲೊಫೊಟನ್ ದ್ವೀಪದ ಪೊಲೀಸ್ ಠಾಣೆಗೆ ಬೋರ್ಗಿಲ್ಡ್ ಎಂಬ ವೃದ್ಧೆ ಬಂದು ದೂರು ಕೊಟ್ಟರು. ಹಿಂದಿನ ಸಂಜೆ ಅವರ ಗಂಡ ಆಸ್ಮುಂಡ್ ಮನೆಯ ಬೇಲಿಯ ಬಳಿ ತಲೆಯೊಡೆದು ಬಿದ್ದಿದ್ದರು. ಆಸ್ಪತ್ರೆಯಲ್ಲಿ ಇನ್ನೂ ಎಚ್ಚರವಾಗಿರಲಿಲ್ಲ. ಎಫ್‌ಐಆರ್ ದಾಖಲಾಯಿತು.

ಅಲ್ಲಿ ಅದು ರಾತ್ರಿಯೂ ಸೂರ್ಯ ಮುಳುಗದ ಕಾಲ. ಇನ್‌ಸ್ಪೆಕ್ಟರ್ ತೋರುನ್‌ಗೂ ವಾರದಿಂದ ಸರಿಯಾಗಿ ನಿದ್ದೆಯಿರಲಿಲ್ಲ. ಕಾನ್‌ಸ್ಟೇಬಲ್ ಯೂಸ್ತೈನ್ ಆಕಳಿಸಿದ್ದಕ್ಕೂ ರೇಗಿದ್ದಳು.

ಪಂಚನಾಮೆಯಲ್ಲಿ ಬೇಲಿಯ ಬಳಿ ಸಿಕ್ಕಿದ್ದು ದೋಣಿಯ ಮುರಿದ ಹುಟ್ಟು, ಕೆಂಪು ಬಣ್ಣದ್ದು. ಅದರ ಜೋಡಿ ಪಕ್ಕದ ಮನೆಯಂಗಳದ ದೋಣಿಯಲ್ಲಿತ್ತು.

"ಅಲ್ಲಿರೋದು ಗುನ್ವರ್, ಮೇಡಂ," ಎಂದ ಯೂಸ್ತೈನ್. "ಮಗನಿಗೆ ನಿದ್ದೇಲಿ ಉಸಿರು ನಿಂತುಹೋಗೋ ಕಾಯಿಲೆ. ಎರಡು ವರ್ಷದಿಂದ ರಾತ್ರಿಯೆಲ್ಲ ಒಬ್ಬಳೇ ಕಾಯ್ತಾಳೆ."

ಬಾಗಿಲು ತೆರೆದ ಗುನ್ವರ್‌ಳ ಕಣ್ಣುಗಳು ಗುಳಿಬಿದ್ದಿದ್ದವು.

"ಈ ಹುಟ್ಟು ಯಾರದು?"

"ನಂದೇ."

"ಹೊಡೆದದ್ದು?"

"ನಾನೇ. ಅವರು ನಗ್ತಿದ್ರು."

"ನಕ್ಕರೆ ಹೊಡೀತಾರಾ?"

"ದಿನಾ ಬೇಲಿ ಹತ್ರ ನಿಂತು ನಗೋರು. ಗಂಡ ಬಿಟ್ಟೋಳು, ಮಗು ಸಾಕೋಕೂ ಬರಲ್ಲ ಅಂತ."

"ಹಾಗಂತ ಬಾಯಿಬಿಟ್ಟು ಹೇಳಿದ್ರಾ?"

"ಮುಖದಲ್ಲೇ ಕಾಣ್ತಿತ್ತು. ನಿನ್ನೆ ಹೇಳೇಬಿಟ್ರು, ಹುಡುಗನ್ನ ನಮ್ಮನೆಗೆ ಕೊಟ್ಬಿಡು ಅಂತ."

ಅಷ್ಟರಲ್ಲಿ ಆಸ್ಪತ್ರೆಯಿಂದ ಫೋನ್ ಬಂತು. ಆಸ್ಮುಂಡ್ ಕಣ್ಣು ಬಿಟ್ಟಿದ್ದರು. ಅವರ ಮಾತನ್ನು ತೋರುನ್ ಇದ್ದಂತೆಯೇ ಗುನ್ವರ್‌ಗೆ ಹೇಳಿದಳು: "'ಒಂದು ರಾತ್ರಿ ಹುಡುಗನ್ನ ನಮ್ಮನೇಲಿ ಬಿಡು, ನಾವು ಕಾಯ್ತೀವಿ, ನೀನು ಮಲ್ಕೋ' ಅಂತ ಹೇಳಿದ್ರಂತೆ."

ಗುನ್ವರ್ ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಮಲ್ಕೋ ಅಂದ್ರಾ? ನಂಗೆ ಅದು ಕೇಳಿಸ್ಲೇ ಇಲ್ಲ."

ಬಂಧಿಸಿ ಕರೆದೊಯ್ಯುವ ಹೊತ್ತಿಗೆ ಬೋರ್ಗಿಲ್ಡ್ ಬೇಲಿ ದಾಟಿ ಬಂದರು. ಗುನ್ವರ್‌ಳ ಮುಖ ನೋಡಲಿಲ್ಲ.

"ದೂರು ವಾಪಸ್ ತಗೊಳಲ್ಲ ಕಣಮ್ಮ," ಎಂದರು ತೋರುನ್‌ಗೆ. "ಹೊಡೆದದ್ದು ಹೊಡೆದದ್ದೇ. ಹುಡುಗ ಎಲ್ಲಿ? ನೀವು ನರ್ಸ್ ಕಳಿಸೋವರೆಗೂ ನಾನಿರ್ತೀನಿ."

ವರ್ಷಗಟ್ಟಲೆ ನಿದ್ದೆಗೆಟ್ಟವರಿಗೆ ಎದುರಿನವರ ಮುಖ ಓದುವ ಶಕ್ತಿಯೇ ಕುಂದುತ್ತದೆ, ಅಕ್ಕರೆಯ ನಗುವೂ ಅಣಕದಂತೆ ಕಾಣಬಹುದು ಎಂದು ಠಾಣೆಯಲ್ಲಿ ಗುನ್ವರ್‌ಳನ್ನು ಪರೀಕ್ಷಿಸಿದ ವೈದ್ಯರು ವರದಿ ಕೊಟ್ಟರು. ತೋರುನ್ ಅದನ್ನು ಕಡತಕ್ಕೆ ಸೇರಿಸಿ, ಹೇಳಿಕೆ ಪಡೆಯಲು ಅವಳಿದ್ದ ಕೋಣೆಗೆ ಹೋದಳು. ಗುನ್ವರ್ ಗೋಡೆಗೊರಗಿ ಕೂತಲ್ಲೇ ನಿದ್ದೆಹೋಗಿದ್ದಳು. ಎಬ್ಬಿಸಲು ಯೂಸ್ತೈನ್ ಮುಂದಾದ.

"ಬೇಡ," ಎಂದಳು ತೋರುನ್, ಬೆಳಕು ಬೀಳದಂತೆ ಮೆಲ್ಲಗೆ ಕಿಟಕಿಯ ಪರದೆ ಎಳೆಯುತ್ತ. "ನಾಳೆ ಬರ್ಕೊಳ್ಳೋಣ."