ವಾಷರ್‌ಗೊಂದು ಗೇಟು

“ಏ ಚೂಟಿ, ಕಣ್ಣು ಮುಚ್ಕೋ!”

ಮಾವ ಕೂಗಿದ್ದೇ ತಡ, ಚೂಟಿ ಸ್ಕೂಲ್ ಬ್ಯಾಗನ್ನು ಮುಖಕ್ಕೆ ಅಡ್ಡ ಹಿಡಿದಳು. ಚರ್‌ರ್‌ರ್ ಎಂದು ಸದ್ದಾಯಿತು. ಸುಟ್ಟ ಕಬ್ಬಿಣದ ವಾಸನೆ ಮೂಗಿಗೆ ಬಡಿಯಿತು. ಸದ್ದು ನಿಂತ ಮೇಲೆ ಮೆಲ್ಲನೆ ಬ್ಯಾಗ್ ಇಳಿಸಿದಳು.

ಮಾವ ಕಪ್ಪು ಗಾಜಿನ ಮುಖವಾಡವನ್ನು ಮೇಲೆತ್ತಿ, ಬೆಸುಗೆಯ ಮೇಲೆ ಚಿಕ್ಕ ಸುತ್ತಿಗೆಯಿಂದ ಟಣ್ ಟಣ್ ಎಂದು ಎರಡು ಸಲ ಬಡಿದ. ಕಿವಿಗೊಟ್ಟು ಕೇಳಿದ. “ಹಾಂ, ಹಿಡ್ಕೊಂಡಿದೆ” ಎಂದ.

ಸದ್ದು ಕೇಳಿಯೇ ಬೆಸುಗೆ ಹಿಡಿದಿದೆಯೋ ಇಲ್ಲವೋ ಎಂದು ಹೇಳುವವರು ಈ ಊರಿನಲ್ಲಿ ಇನ್ಯಾರಿದ್ದಾರೆ ಹೇಳಿ? ಗೇಟು ಮಾಡುವುದರಲ್ಲಂತೂ ಮಾವನದು ಎತ್ತಿದ ಕೈ. ಡಾಕ್ಟರ ಮನೆಯ ಗೇಟು ಮಾವ ಮಾಡಿದ್ದು. ಸ್ಕೂಲಿನ ನೀಲಿ ಗೇಟೂ ಮಾವನೇ ಮಾಡಿದ್ದು. ದಿನಾ ಬೆಳಿಗ್ಗೆ ಚೂಟಿ ಆ ಗೇಟನ್ನು ಒಮ್ಮೆ ಮುಟ್ಟಿ, “ನಮ್ಮ ಮಾವ ಮಾಡಿದ್ದು ಗೊತ್ತಾ?” ಎಂದು ಪಕ್ಕದವರಿಗೆ ಹೇಳಿಯೇ ಒಳಗೆ ಕಾಲಿಡುತ್ತಿದ್ದಳು. ಕೇಳಿ ಕೇಳಿ ಕ್ಲಾಸಿನವರಿಗೆಲ್ಲ ಸಾಕಾಗಿಹೋಗಿತ್ತು.

ಅಮ್ಮನ ಡ್ಯೂಟಿ ಮುಗಿಯುವುದು ಸಂಜೆ ಆರಕ್ಕೆ. ಅಲ್ಲಿಯವರೆಗೆ ಚೂಟಿ ಮಾವನ ವೆಲ್ಡಿಂಗ್ ಶಾಪಿನಲ್ಲೇ ಇರುತ್ತಾಳೆ. ಇವತ್ತು ಶನಿವಾರ, ಅರ್ಧ ದಿನದ ಸ್ಕೂಲು. ಮಧ್ಯಾಹ್ನಕ್ಕೇ ಬಂದುಬಿಟ್ಟಿದ್ದಳು.

“ಮಾವಾ, ವಾಷರ್ ನೀರು ಮತ್ತೆ ಚೆಲ್ಲಿಹೋಗಿದೆ.”

“ಸರಪಳಿ ತಾಗಿ ಬಿದ್ದಿರುತ್ತೆ. ಸ್ವಲ್ಪ ಹಾಕು ಪುಟ್ಟಾ.”

ವಾಷರ್ ಅಂದರೆ ಮಾವನ ನಾಯಿ. ಮರಿಯಾಗಿದ್ದಾಗ ನಟ್ಟು ಬೋಲ್ಟಿನ ಡಬ್ಬದ ಪಕ್ಕದಲ್ಲಿ ವಾಷರ್ ಬಿಲ್ಲೆಯ ಹಾಗೆ ದುಂಡಗೆ ಸುತ್ತಿಕೊಂಡು ಮಲಗುತ್ತಿತ್ತು, ಅದಕ್ಕೇ ಆ ಹೆಸರು. ಈಗ ಅದನ್ನು ಅಂಗಳದ ನಡುವಿನ ಕಂಬಕ್ಕೆ ಕಟ್ಟಿಹಾಕಿದ್ದಾರೆ. ಅಂಗಳದ ತುಂಬ ಹುಲ್ಲಿದ್ದರೂ ಕಂಬದ ಸುತ್ತ ಒಂದು ಎಳೆಯೂ ಇಲ್ಲ. ವಾಷರ್ ಸುತ್ತಿ ಸುತ್ತಿ ನೆಲ ಬೋಳಾಗಿದೆ.

ಚೂಟಿ ಬಟ್ಟಲು ತುಂಬಿಸಿದಳು. ವಾಷರ್ ಲೊಚಲೊಚ ಕುಡಿಯಿತು. ಅದರ ಕತ್ತಿನ ಪಟ್ಟಿಯ ಕೆಳಗೆ ಕೂದಲು ಉದುರಿ, ಚರ್ಮ ಕೆಂಪಗಾಗಿತ್ತು. ಬೆರಳು ತಾಗಿದ್ದಕ್ಕೇ ಕುಂಯ್ ಎಂದಿತು. ಚೂಟಿಗೆ ಅಯ್ಯೋ ಅನಿಸಿತು.

“ಮಾವಾ, ಬಿಚ್ಚಿಬಿಡೋಣ್ವಾ?”

“ಹುಷಾರ್! ಬಿಚ್ಚಿಗಿಚ್ಚೀಯ!” ಮಾವ ರಸ್ತೆಯ ಕಡೆ ಕೈ ತೋರಿಸಿದ. ಲಾರಿಯೊಂದು ಧೂಳೆಬ್ಬಿಸಿಕೊಂಡು ಹೋಯಿತು. “ಹೋದ ವರ್ಷ ಲಾರಿಗೆ ಸಿಕ್ಕಿ ಕಾಲು ಮುರ್ಕೊಂಡಿತ್ತಲ್ಲ, ಮರ್ತುಬಿಟ್ಯಾ? ಆಸ್ಪತ್ರೆ ತನಕ ಎತ್ಕೊಂಡು ಓಡಿದ್ದೀನಿ ನಾನು. ಕಟ್ಟಿದ್ರೆ ಜೀವ ಆದ್ರೂ ಉಳಿಯುತ್ತೆ. ಗೇಟ್ ಹಾಕಿದ ದಿನ ಬಿಚ್ತೀನಿ.”

ಇದೇ ನೋಡಿ ತಮಾಷೆ. ಊರಿಗೆಲ್ಲ ಗೇಟು ಮಾಡುವ ಮಾವನ ಅಂಗಳಕ್ಕೇ ಗೇಟಿಲ್ಲ! ಮೂರು ಕಡೆ ಗೋಡೆ, ರಸ್ತೆಯ ಕಡೆ ಗೇಟಿನ ಎರಡು ಕಬ್ಬಿಣದ ಕಂಬ ಬಿಟ್ಟರೆ ಬಟಾಬಯಲು. ಗೇಟು ಮಾಡಿ ಗೋಡೆಗೆ ಒರಗಿಸಿ ಇಟ್ಟಿದ್ದಾನೆ. ಕೀಲು ಹಾಕಿ ನಿಲ್ಲಿಸುವುದೊಂದೇ ಬಾಕಿ.

ಅಷ್ಟರಲ್ಲಿ ಸ್ಕೂಟರಿನಲ್ಲಿ ಬೇಕರಿಯಮ್ಮ ಬಂದರು. ಹೆಲ್ಮೆಟ್ ತೆಗೆಯುವ ಮೊದಲೇ ಅವರ ಕಣ್ಣು ಗೇಟಿನ ಮೇಲೆ ಬಿತ್ತು.

“ಅಬ್ಬಾ, ರೆಡಿನೇ ಇದೆಯಲ್ಲ! ಇದನ್ನೇ ಕೊಟ್ಬಿಡಿ. ಸೋಮವಾರ ನಮ್ಮ ಹೊಸ ಅಂಗಡಿ ಓಪನಿಂಗು.”

ಮಾವ ತಲೆ ಕೆರೆದುಕೊಂಡ. “ಇದು ನಮಗೇ ಅಂತ ಮಾಡಿದ್ದಮ್ಮ…”

“ನೀವು ಮಾಡೋರು, ಇನ್ನೊಂದು ಮಾಡ್ಕೋತೀರ. ನಾನೆಲ್ಲಿಗೆ ಹೋಗ್ಲಿ?”

ಕಬ್ಬಿಣವನ್ನು ಬೇಕಾದ ಹಾಗೆ ಬಗ್ಗಿಸುವ ಮಾವನಿಗೆ ಯಾರಿಗಾದರೂ ‘ಇಲ್ಲ’ ಎನ್ನಲು ಮಾತ್ರ ಬರುವುದಿಲ್ಲ. “ಆಯ್ತಮ್ಮ, ಸಂಜೆ ಗಾಡಿ ಕಳಿಸಿ” ಎಂದುಬಿಟ್ಟ. ಬೇಕರಿಯಮ್ಮ ಖುಷಿಯಿಂದ ಹೊರಟುಹೋದರು.

ಚೂಟಿಗೆ ಸಿಟ್ಟು ನೆತ್ತಿಗೇರಿತು. “ಮಾವಾ! ಅದು ವಾಷರ್ ಗೇಟು!”

“ಮುಂದಿನ ವಾರ ಇನ್ನೊಂದು ಮಾಡ್ತೀನಿ ಕಣೇ.”

“ಹೋದ ಸಲಾನೂ ಹೀಗೇ ಅಂದಿದ್ದೆ. ಆ ಗೇಟ್ ಎಲ್ಲಿ ಹೋಯ್ತು?”

ಮಾವ ಸುತ್ತಿಗೆ ಕೆಳಗಿಟ್ಟ. “ನಿಮ್ಮ ಸ್ಕೂಲ್‌ಗೇ ಹೋಯ್ತಲ್ಲ. ನೀಲಿ ಬಣ್ಣ ಹೊಡೆದು ಕೊಟ್ಟೆ.”

ಆ ಗೇಟನ್ನು ದಿನಾ ಮುಟ್ಟುವ ತನ್ನ ಕೈಯನ್ನು ಚೂಟಿ ನೋಡಿಕೊಂಡಳು. ಮಾವ ಮುಖವಾಡ ಇಳಿಸಿ ಮತ್ತೆ ಕೆಲಸಕ್ಕೆ ತೊಡಗಿದ.

ಅವಳು ನೀರಿನ ಬಟ್ಟಲು ಎತ್ತಿಕೊಂಡಳು. ನೆರಳಿನಲ್ಲಾದರೂ ಇಡೋಣ ಎಂದುಕೊಂಡಳು. ಶೆಡ್ಡಿನ ನೆರಳಿನ ಅಂಚಿನಲ್ಲಿ ಇಟ್ಟು, “ವಾಷರ್, ಬಾರೋ” ಎಂದು ಕರೆದಳು. ವಾಷರ್ ಬಾಲ ಅಲ್ಲಾಡಿಸಿಕೊಂಡು ಓಡಿಬಂತು. ಸರಪಳಿ ಟಪ್ಪೆಂದು ಬಿಗಿಯಿತು. ಕತ್ತು ಎಷ್ಟು ಚಾಚಿದರೂ ನೆರಳು ಇನ್ನೂ ಒಂದು ಮೊಳ ದೂರವೇ ಉಳಿಯಿತು. ವಾಷರ್ ಜಗಳ ಮಾಡಲಿಲ್ಲ. ಬಿಸಿಲಿನಲ್ಲೇ ಮುದುಡಿ ಮಲಗಿತು.

ಚೂಟಿ ಬಟ್ಟಲನ್ನು ವಾಪಸು ತಂದಳು. ವಾಷರ್ ಪಕ್ಕ ತಾನೂ ಕೂತಳು.

ಸ್ವಲ್ಪ ಹೊತ್ತಾದ ಮೇಲೆ ಮಾವ ತಿರುಗಿ ನೋಡಿದ. “ಬಿಸಿಲು ಕಣೇ! ಒಳಗೆ ಬಾ!”

“ಬರಲ್ಲ.”

“ತಲೆನೋವು ಬಂದ್ರೆ ನಿಮ್ಮಮ್ಮ ನನ್ನ ಸುಮ್ನೆ ಬಿಡಲ್ಲ.”

“ವಾಷರ್‌ಗೂ ತಲೆನೋವು ಬರುತ್ತೆ.”

“ಹಠ ಮಾಡ್ಬೇಡ ಚೂಟಿ.”

“ಹಠ ಅಲ್ಲ ಮಾವ. ಸರಪಳಿ ಇಷ್ಟೇ ಉದ್ದ ಇರೋದು.”

ಮಾವ ಅವಳನ್ನು ಎತ್ತಿಕೊಂಡು ಹೋಗಲೆಂದೇ ಬಂದ. ಬಗ್ಗಿ ನೆಲಕ್ಕೆ ಕೈಯೂರಿದವನು ಹಾಗೇ ನಿಂತ. ಬಿಸಿ ಕಬ್ಬಿಣ ಹಿಡಿದು ಹಿಡಿದು ದಪ್ಪಗಾದ ಕೈ ಅದು. ಆ ಕೈಗೂ ನೆಲ ಚುರುಕ್ ಎಂದಿತು. ಸರಪಳಿ ಮುಟ್ಟಿ ನೋಡಿದ. ಅದೂ ಕಾದಿತ್ತು. ವಾಷರ್‌ನ ಪಟ್ಟಿಯನ್ನು ಮೆಲ್ಲಗೆ ಸರಿಸಿದ. ಕೆಂಪಗಾದ ಕತ್ತು ಕಾಣಿಸಿತು.

“ಇದು ಯಾವಾಗ ಆಯ್ತು?”

“ತುಂಬಾ ದಿನ ಆಯ್ತು ಮಾವ.”

“ದಿನಾ ಇಲ್ಲೇ ಇದ್ದೀನಿ” ಎಂದ ಮಾವ. “ನೋಡೇ ಇಲ್ವಲ್ಲೇ ನಾನು.”

ಅಲ್ಲೇ ಕೂತು ಫೋನ್ ಮಾಡಿದ. “ಅಮ್ಮಾ, ಕ್ಷಮಿಸಿ, ಈ ಗೇಟ್ ಕೊಡೋಕಾಗಲ್ಲ… ಇಲ್ಲ, ಆಗಲ್ಲ… ನಮ್ಮ ವಾಷರ್‌ಗೆ… ಹೌದು, ನಾಯಿಗೇ!” ಬೇಕರಿಯಮ್ಮನ ಗದರಿಕೆ ಚೂಟಿಗೂ ಕೇಳಿಸಿತು. ಮಾವನ ಹಣೆಯಲ್ಲಿ ಬೆವರಿಳಿಯಿತು, ಆದರೂ ಮಾತು ಬದಲಿಸಲಿಲ್ಲ. “ಸೋಮವಾರ ನಾನೇ ಬಂದು ಸದ್ಯಕ್ಕೆ ತಗಡಿಂದು ಒಂದು ನಿಲ್ಲಿಸಿಕೊಡ್ತೀನಿ. ನಿಮ್ಮ ಗೇಟ್ ಬುಧವಾರ.”

ಮೊದಲು ಎರಡು ಪೈಪು ನೆಟ್ಟು, ತಾಡಪಾಲು ಕಟ್ಟಿ ವಾಷರ್‌ಗೆ ನೆರಳು ಮಾಡಿದ. ಆಮೇಲೆ ಶುರುವಾಯಿತು ನೋಡಿ ಕೆಲಸ! ರಸ್ತೆ ಬದಿಯ ಕಂಬಕ್ಕೆ ಕೀಲು ಬೆಸೆದ. ಟಣ್ ಟಣ್ ಬಡಿದು ಕೇಳಿದ, ಸದ್ದು ಹಿಡಿಸಲಿಲ್ಲ, ಕಿತ್ತು ಮತ್ತೆ ಬೆಸೆದ. ಚೂಟಿ ಓಡಾಡಿ ಸ್ಪ್ಯಾನರ್ ಕೊಟ್ಟಳು, ಟೇಪ್ ಹಿಡಿದಳು. ಅಷ್ಟು ಭಾರದ ಗೇಟನ್ನು ಮಾವ ಹೆಗಲು ಕೊಟ್ಟು ಎತ್ತಿ ಕೀಲಿಗೆ ಕೂರಿಸಿದ. ಆಹಾ! ಚೂಟಿ ಒಂದು ಬೆರಳಿನಿಂದ ತಳ್ಳಿದರೆ ಸಾಕು, ಕಿರ್ ಎನ್ನದೆ ತಿರುಗಿತು. ಚಿಲಕ ಟಕ್ಕೆಂದು ಬಿತ್ತು.

ಮಾವ ವಾಷರ್‌ನ ಮುಂದೆ ಮಂಡಿಯೂರಿ, ಪಟ್ಟಿಯನ್ನೇ ಬಿಚ್ಚಿದ. ಸರಪಳಿ ನೆಲಕ್ಕೆ ಬಿತ್ತು.

“ಓಡೋ ವಾಷರ್!” ಚೂಟಿ ಕುಣಿದಳು.

ವಾಷರ್ ಓಡಿತು. ಬೋಳು ನೆಲದ ಅಂಚಿಗೆ ಬಂದದ್ದೇ ಗಕ್ಕನೆ ನಿಂತಿತು. ಹುಲ್ಲನ್ನು ಮೂಸಿತು, ಮುಂದಕ್ಕೆ ಮಾತ್ರ ಬರಲಿಲ್ಲ. ಕಟ್ಟಿಹಾಕಿದಷ್ಟೇ ದೂರದಲ್ಲಿ ನಿಂತುಬಿಟ್ಟಿತ್ತು.

ಚೂಟಿ ಹಿಂದಿನಿಂದ ತಳ್ಳಲು ಹೋದಳು.

“ಬೇಡ, ತಳ್ಬೇಡ” ಎಂದ ಮಾವ. “ನಾನೇ ಕಲಿಸಿದ್ದು ಅದು. ಮರೆಯೋಕೆ ಟೈಮ್ ಬೇಕು.”

ಅವನು ಆಚೆ ಹೋಗಿ ಹುಲ್ಲಿನ ಮೇಲೆ ಕೂತ. ಕರೆಯಲಿಲ್ಲ, ಬಿಸ್ಕತ್ತು ತೋರಿಸಲಿಲ್ಲ. ಜೇಬಿನಲ್ಲಿ ಫೋನ್ ಒಂದೇ ಸಮನೆ ಹೊಡೆದುಕೊಂಡರೂ ತೆಗೆಯಲಿಲ್ಲ. ಮಸಿ ಹತ್ತಿದ ಮುಖದಲ್ಲಿ ಕಣ್ಣು ಒದ್ದೆಯಾಗಿತ್ತು. ಅದನ್ನು ಅವನು ಮುಚ್ಚಿಡಲೂ ಇಲ್ಲ. ಕಿಡಿ ಹಾರಿಸುವ ಮಾವನಿಗಿಂತ ಈ ಮಾವ ಚೂಟಿಗೆ ಇನ್ನೂ ದೊಡ್ಡವನಾಗಿ ಕಂಡ. ಹೋಗಿ ಅವನ ಪಕ್ಕ ಕೂತಳು.

ತುಂಬ ಹೊತ್ತಾಯಿತು. ವಾಷರ್ ಒಂದು ಮುಂಗಾಲು ಎತ್ತಿತು. ಹಿಂದಕ್ಕೆ ತೆಗೆದುಕೊಂಡಿತು. ಮಾವ ಅಲುಗಲಿಲ್ಲ. ಅದು ಮತ್ತೆ ಕಾಲೆತ್ತಿ, ಈ ಸಲ ಹುಲ್ಲಿನ ಮೇಲೆ ಇಟ್ಟಿತು.

ಚೂಟಿಗೆ ಜೋರಾಗಿ ಚಪ್ಪಾಳೆ ತಟ್ಟಬೇಕೆನಿಸಿತು. ಆದರೆ ಎರಡೂ ಕೈಗಳನ್ನು ಮಡಿಲಲ್ಲಿ ಬಿಗಿಯಾಗಿ ಹಿಡಿದುಕೊಂಡು, ಮಾವನ ಹಾಗೆಯೇ ಸುಮ್ಮನೆ ಕಾದಳು.