ಕೆಟ್ಟ ಸುದ್ದಿ ಹೇಳುವ ಪಾಠ

"ಮೊದ್ಲು ಕೂತ್ಕೊಳ್ಳಯ್ಯ. ಇಂಥ ಮಾತನ್ನ ಯಾರಾದ್ರೂ ನಿಂತ್ಕೊಂಡು ಹೇಳ್ತಾರಾ?"

ಮಂಚದ ಮೇಲೆ ಮಲಗಿ ಅಳುತ್ತಿದ್ದವಳು ಬೆಚ್ಚಿ ಕಣ್ಣು ಬಿಟ್ಟಳು. ಅಳು ಕೇಳಿ ಒಳಗೆ ಬಂದಿದ್ದ ಪಕ್ಕದ ಆಪರೇಷನ್ ಥಿಯೇಟರಿನ ಸರ್ಜನ್, ಅವಳೆದುರು ನಿಂತಿದ್ದ ವಿದ್ಯಾರ್ಥಿಯನ್ನು ಸರಿಸಿ ತಾನೇ ಸ್ಟೂಲಿನ ಮೇಲೆ ಕೂತು, ತಡವರಿಸುವ ಇಂಗ್ಲಿಷಿನಲ್ಲಿ ಅವಳಿಗೆ ಧೈರ್ಯ ಹೇಳತೊಡಗಿದ್ದ.

ಪಾಪ, ಅವನಿಗೇನು ಗೊತ್ತು! ಅವಳು ರೋಗಿಯೇ ಅಲ್ಲ. ಮೆಡಿಕಲ್ ವಿದ್ಯಾರ್ಥಿಗಳಿಗೆ ರೋಗಿಗಳ ಜೊತೆ ಇಂಗ್ಲಿಷಿನಲ್ಲಿ ಮಾತಾಡಲು ಕಲಿಸುವ ಟೀಚರ್. ಅಂದು ಕೆಟ್ಟ ಸುದ್ದಿ ಹೇಳುವ ಪಾಠವಿತ್ತು, ರೋಗಿಯ ಪಾತ್ರ ಅವಳದು. ಅಳುವುದರಲ್ಲಂತೂ ಅವಳದು ಎತ್ತಿದ ಕೈ.

ಕ್ಲಾಸಿಗೆ ಕ್ಲಾಸೇ ನಕ್ಕಿತು. ಅವನ ಕಿವಿ ಕೆಂಪಾಯಿತು. 'ಈ ಮನುಷ್ಯನಿಗೆ ನಾನು ಕಲಿಸುವುದೇನೂ ಉಳಿದಿಲ್ಲ' ಎಂದುಕೊಂಡಳು ಅವಳು.

ಆದರೆ ಮುಂದಿನ ವಾರ ಅವನೇ ಬಂದು ಕೊನೆಯ ಬೆಂಚಿನಲ್ಲಿ ಕೂತ. ತನ್ನ ಇಂಗ್ಲಿಷು ಔಷಧಿ ಚೀಟಿ ಬರೆಯುವುದಕ್ಕಷ್ಟೇ ಸಾಕು, ತನಗೂ ಕಲಿಸಬೇಕು ಎಂದ.

ಅವಳು ಕಲಿಸಿದಳು. ಕುರ್ಚಿ ಹತ್ತಿರ ಎಳೆದುಕೊಳ್ಳಬೇಕು. ಫೋನ್ ಆಫ್ ಮಾಡಬೇಕು. ಎದುರಿನವರಿಗೆ ಏನು ಗೊತ್ತಿದೆ ಎಂದು ಕೇಳಬೇಕು. ಆಮೇಲೆ ಸುಮ್ಮನಿರಬೇಕು... ಅದೇ ಎಲ್ಲಕ್ಕಿಂತ ಕಷ್ಟ. ಆ ವರ್ಷವೆಲ್ಲ ಅವನು ಅವಳಿಗೆ ಹೇಳಿದ ಕೆಟ್ಟ ಸುದ್ದಿಗಳಿಗೆ ಲೆಕ್ಕವಿಲ್ಲ. ಪ್ರತಿ ಸಲವೂ ಆಮೇಲೆ ಕ್ಯಾಂಟೀನಿನಲ್ಲಿ ಕಾಫಿ ಕೊಡಿಸುತ್ತಿದ್ದ.

ಆ ಕಾಫಿಗಳ ನಡುವೆ ಎಲ್ಲೋ ಅವಳು ಮನಸ್ಸು ಕೊಟ್ಟುಬಿಟ್ಟಿದ್ದಳು. ಹೇಳಿಕೊಂಡಿದ್ದು ಅಕ್ಕನಿಗೆ ಮಾತ್ರ.

"ಊರಿಗೆಲ್ಲ ಮಾತು ಕಲಿಸ್ತೀಯ, ನಿನ್ನ ಬಾಯಿಗೇನೇ ಬೀಗ ಬಿದ್ದಿರೋದು?" ಎಂದು ಅಕ್ಕ ಫೋನಿನಲ್ಲೇ ಬೈದಳು.

ಅಷ್ಟರಲ್ಲಿ ವಿದ್ಯಾರ್ಥಿಗಳು ಸುದ್ದಿ ತಂದರು. ಸರ್ಜನ್‌ಗೆ ದೂರದ ದೊಡ್ಡ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದೆಯಂತೆ. ತಾನು ಒಂದೇ ಒಂದು ಮಾತು ಹೇಳಿದ್ದರೆ...

ಕೊನೆಯ ಕ್ಲಾಸು ಮುಗಿದು ಎಲ್ಲರೂ ಹೋದ ಮೇಲೆ ಅವನು ಬಂದ. ಕುರ್ಚಿ ಹತ್ತಿರ ಎಳೆದುಕೊಂಡ. ಫೋನ್ ಆಫ್ ಮಾಡಿದ. ಪಾಠದ ಒಂದೊಂದು ಹೆಜ್ಜೆಯನ್ನೂ ಅವಳು ಗುರುತಿಸುತ್ತಿದ್ದಳು.

"ನಿಮಗೆ ಈಗಾಗ್ಲೇ ಏನು ಗೊತ್ತಿದೆ?" ಎಂದು ಕೇಳಿದ.

"ನೀವು ಹೋಗ್ತಿದ್ದೀರಿ ಅಂತ."

ಅವನು ಸುಮ್ಮನಾದ. ತಾನೇ ಕಲಿಸಿದ ಮೌನ ಇಷ್ಟು ಉದ್ದ ಎಂದು ಅವಳಿಗೆ ಗೊತ್ತಿರಲಿಲ್ಲ. ಬೇಕೆಂದಾಗ ಬರುತ್ತಿದ್ದ ಕಣ್ಣೀರು ಅಂದು ಬರಲೂ ಇಲ್ಲ.

"ಹೋಗ್ತಿಲ್ಲ. ಬೆಳಿಗ್ಗೆನೇ ಬೇಡ ಅಂತ ಹೇಳ್ಬಿಟ್ಟೆ. ನಿಮ್ಮನ್ನ ಬಿಟ್ಟಿರೋಕೆ ನನ್ನ ಕೈಲಾಗಲ್ಲ."

ಅವಳಿಗೆ ಕೋಪ ಬಂತು.

"ಮತ್ತೆ ಹೀಗ್ಯಾಕೆ ಕೂತ್ರಿ? ಇದು ಕೆಟ್ಟ ಸುದ್ದಿ ಹೇಳೋ ರೀತಿ!"

"ನೀವು ಕಲಿಸಿದ್ದು ಅದೊಂದೇ," ಎಂದ ಅವನು, ತಪ್ಪು ಮಾಡಿದ ವಿದ್ಯಾರ್ಥಿಯ ಮುಖ ಮಾಡಿಕೊಂಡು. "ಒಳ್ಳೆ ಸುದ್ದಿ ಹೇಗೆ ಹೇಳ್ಬೇಕು ಅಂತ ಪಾಠನೇ ಆಗಿಲ್ಲ."

ಅವಳು ನಕ್ಕಳು. ಕರೆಯದೇ ಇದ್ದ ಕಣ್ಣೀರು ಆಗ ತಾನಾಗಿ ಬಂತು. ಅವನು ಪಾಠದ ಕೊನೆಯ ಸಾಲನ್ನೂ ಮರೆಯಲಿಲ್ಲ. ಏನಾದರೂ ಕೇಳುವುದಿದೆಯಾ ಎಂದ.

"ಕೇಳೋದೇನಿಲ್ಲ, ಹೇಳೋದಿದೆ. ಆ ಸ್ಟೂಲ್ ಮೇಲೆ ನೀವು ಕೂತ ದಿನದಿಂದ ನನ್ನ ಕಥೆನೂ ಅದೇ."

"ಹಾಗಾದ್ರೆ ಹೊಸ ಪಾಠ ಯಾವಾಗ ಶುರು?"

"ಈಗ್ಲೇ," ಎಂದಳು. "ಕುರ್ಚಿ ಇನ್ನೂ ಸ್ವಲ್ಪ ಹತ್ತಿರ ಎಳ್ಕೊಳ್ಳಿ."