ಸಿರಿಯ ಗಂಜಿಗೆ ಉಪ್ಪು

“ಅಯ್ಯ, ಬಿಡೋ ಸಿರಿ! ನಾಯಿಮರಿ ಆಗೀಯೇನ?”

ಮಹಾನಂದಾ ಕೈ ಎಳೆದುಕೊಂಡಳು. ಸಿರಿ ಬಿಡಲಿಲ್ಲ. ಎರಡೂ ಕೈಯಿಂದ ಅಕ್ಕನ ಮೊಣಕೈ ಹಿಡಿದು, ಬೆವರು ಇಳಿದ ಜಾಗ ಹುಡುಕಿ ಹುಡುಕಿ ನೆಕ್ಕಿದ.

ಏಪ್ರಿಲ್ ತಿಂಗಳ ಬಿಸಿಲು. ಇಳಕಲ್ಲಿನ ಆ ಓಣಿಯಲ್ಲಿ ಬೆಳಿಗ್ಗೆಯೇ ಕಟ್ಟೆಯ ಕಲ್ಲು ಕಾದಿತ್ತು. ಮಹಾನಂದಾ ಗೆಳತಿಯರ ಜೊತೆ ಸ್ಕಿಪಿಂಗ್ ಆಡಿ ಆಗಷ್ಟೇ ಒಳಗೆ ಬಂದಿದ್ದಳು. ಮೈಯೆಲ್ಲ ಬೆವರು. ತಮ್ಮನ ನಾಲಿಗೆಯ ಕಚಗುಳಿಗೆ ಅವಳಿಗೆ ನಗು ಬಂತು.

ನಗುತ್ತಿದ್ದವಳು ಒಮ್ಮೆಲೇ ಸುಮ್ಮನಾದಳು.

ಸಿರಿ ಹೀಗೆ ಮಾಡುತ್ತಿದ್ದದ್ದು ಹೋದ ವರ್ಷ. ಅವನ ಪೂರಾ ಹೆಸರು ಶ್ರೀಧರ. ಆಗ ಅವನಿಗೆ ಸರಿಯಾಗಿ ನಡೆಯಲೂ ಬರುತ್ತಿರಲಿಲ್ಲ. ಕುಡಿದ ಹಾಲು ಕಕ್ಕುತ್ತಿದ್ದ. ಯಾರು ಎತ್ತಿಕೊಂಡರೂ ಅವರ ಕುತ್ತಿಗೆಯ ಬೆವರು ನೆಕ್ಕುತ್ತಿದ್ದ. ಅಪ್ಪ, ಅವ್ವ ಅವನನ್ನು ಬಾಗಲಕೋಟೆಗೆ ಕರೆದುಕೊಂಡು ಹೋದರು. ಅಲ್ಲಿ ಡಾಕ್ಟರ್ ಶಹರಬಾನು ರಕ್ತ, ಮೂತ್ರ ಎಲ್ಲ ತಪಾಸಣೆ ಮಾಡಿಸಿ, “ಈ ಹುಡುಗನ ಮೈಯಾಗ ಉಪ್ಪು ನಿಲ್ಲೂದಿಲ್ಲ, ಎಲ್ಲಾ ಮೂತ್ರದಾಗ ಹರಿದು ಹೋಗ್ತದ” ಎಂದರು. ಅವತ್ತಿನಿಂದ ಸಿರಿಯ ಗಂಜಿಗೆ, ಅಳತೆ ಮಾಡಿ, ಉಪ್ಪಿನ ನೀರು ಹಾಕುವುದು ಶುರುವಾಯಿತು. ಸಿರಿ ಮೈ ತುಂಬಿಕೊಂಡ. ಓಡಾಡಿದ. ನೆಕ್ಕುವುದು ಬಿಟ್ಟುಬಿಟ್ಟ.

ಈಗ ಯಾಕೆ ಮತ್ತೆ ನೆಕ್ಕುತ್ತಿದ್ದಾನೆ?

“ಅಜ್ಜಿ, ಸಿರಿ ಗಂಜಿ ಕುಡದಾನೇನ?”

“ಅರ್ಧಾ ಕುಡದ, ಅರ್ಧಾ ಬಿಟ್ಟ,” ಎಂದು ಬಾಳವ್ವಜ್ಜಿ ಅಡುಗೆಮನೆಯಿಂದಲೇ ಕೂಗಿದಳು. “ಯಾಕೋ ಸುಸ್ತ ಆಗ್ಯಾನ ನನ್ನ ಬಂಗಾರ. ಬಿಸಲು ನೋಡು.”

ಬಾಳವ್ವಜ್ಜಿ ಅಪ್ಪನ ತಾಯಿ. ಕೆರೂರಿನಲ್ಲಿ ದೊಡ್ಡಪ್ಪನ ಮನೆಯಲ್ಲಿ ಇರುತ್ತಾಳೆ. ಬಾದಾಮಿಯ ಅಜ್ಜನಿಗೆ, ಅಂದರೆ ಅವ್ವನ ಅಪ್ಪನಿಗೆ, ಕಣ್ಣಿನ ಆಪರೇಷನ್ ಆಗಿತ್ತು. ಅವನನ್ನು ನೋಡಿಕೊಳ್ಳಲು ಅವ್ವ ಅಲ್ಲಿಗೆ ಹೋಗಿದ್ದಳು. ಅವ್ವ ಬರುವ ತನಕ ಮನೆ, ಮಕ್ಕಳು ಎಲ್ಲ ಬಾಳವ್ವಜ್ಜಿಯ ಕೈಯಲ್ಲಿ. ಅಜ್ಜಿ ಬಂದರೆ ಮಹಾನಂದಾಳಿಗೆ ಹಬ್ಬ. ಶೇಂಗಾ ಹೋಳಿಗೆ, ಹಣೆಗೆ ಮುತ್ತು, ಮಲಗುವಾಗ ಕತೆ.

ಮಹಾನಂದಾ ಸಿರಿಯ ಬಟ್ಟಲಿನಲ್ಲಿ ಉಳಿದ ಗಂಜಿಗೆ ಬೆರಳು ಅದ್ದಿ ನಾಲಿಗೆಗೆ ಹಚ್ಚಿಕೊಂಡಳು. ಸಪ್ಪೆ. ಒಂದು ಹರಳು ಉಪ್ಪಿಲ್ಲ. ಅವ್ವ ಮಾಡಿದ ಸಿರಿಯ ಗಂಜಿಯನ್ನು ಅವಳು ಹಿಂದೊಮ್ಮೆ ತಪ್ಪಿ ಕುಡಿದು, ಉಪ್ಪು ತಾಳದೆ ಥೂ ಎಂದು ಉಗುಳಿದ್ದಳು.

ಗೋಡೆಯ ಮಾಡಿನಲ್ಲಿ ಉಪ್ಪಿನ ನೀರಿನ ಬಾಟಲಿ ಇತ್ತು. ಅದನ್ನು ಬೆಳಕಿಗೆ ಹಿಡಿದು ನೋಡಿದಳು. ಅವ್ವ ಹೋಗುವಾಗ ಎಷ್ಟಿತ್ತೋ ಈಗಲೂ ಅಷ್ಟೇ ಇತ್ತು.

“ಅಜ್ಜಿ... ನೀ ಇದನ್ನ ಹಾಕಾಕತ್ತಿಲ್ಲೇನ?”

ಅಜ್ಜಿ ರೊಟ್ಟಿ ಬಡಿಯುವ ಕೈ ನಿಲ್ಲಿಸಿದಳು. ಸೆರಗಿನಿಂದ ಮುಖ ಒರೆಸಿಕೊಂಡು ಹೊರಗೆ ಬಂದು, ಮೊಮ್ಮಗಳ ಪಕ್ಕ ಕುಳಿತಳು.

“ಹೂಂ. ಹಾಕಿಲ್ಲ.”

“ಅವ್ವಗ ಹಾಕ್ತೇನಿ ಅಂದಿದ್ದಿ!”

“ಅಂದಿದ್ದೆ. ಆದ್ರ ಕೈ ಬರಲಿಲ್ಲ ನಂದಾ. ನಿಮ್ಮಜ್ಜಗ, ನನ್ನ ಗಂಡಗ, ಬಿ.ಪಿ. ಇತ್ತು. ಉಪ್ಪು ಬಿಡ್ರಿ ಅಂತ ಡಾಕ್ಟರ್ ಬಾಯಿ ಬಾಯಿ ಬಡ್ಕೊಂಡ್ರು. ಕೇಳಲಿಲ್ಲ ಆ ಮನಿಷಾ. ಊಟಕ್ಕ ಕುಂತಾವ ಹಂಗಽ ಒಂದು ಮಗ್ಗಲಕ ವಾಲಿದ. ಲಕ್ವಾ ಹೊಡೀತು, ಮತ್ತ ಏಳಲಿಲ್ಲ. ಈಗ ನನಗೂ ಬಿ.ಪಿ. ಐತಿ. ನನಗೂ ಉಪ್ಪು ಬ್ಯಾಡ ಅಂದಾರ. ದೊಡ್ಡ ಮಂದಿಗೇ ಹಿಂಗಾದ್ರ, ಇಷ್ಟಗಲದ ಕೂಸಿಗೆ ಅಷ್ಟು ಉಪ್ಪು ಹೆಂಗ ಹಾಕಲಿ? ನೀನಽ ಹೇಳು.”

ಅಜ್ಜಿಯ ಕಣ್ಣಲ್ಲಿ ನೀರಿತ್ತು.

“ನಿಮ್ಮವ್ವಗ ಹೇಳಬ್ಯಾಡ,” ಎಂದಳು ಅಜ್ಜಿ, ಅವಳ ಕೆನ್ನೆ ಸವರಿ. “ಹುಡುಗ ಚಂದ ಅದಾನ. ಬಿಸಲಿಗೆ ಬಾಡ್ಯಾನ, ಅಷ್ಟಽ.”

ಅಜ್ಜಿ ಸಿರಿಯನ್ನು ಒಳಗಿನ ಚಾಪೆಯ ಮೇಲೆ ಮಲಗಿಸಲು ಹೋದ ಮೇಲೆ ಮಹಾನಂದಾ ಬಾಟಲಿ ಹಿಡಿದುಕೊಂಡು ಅಲ್ಲೇ ಕುಳಿತು ಯೋಚಿಸಿದಳು. ತಾನೇ ಗುಟ್ಟಾಗಿ ಹಾಕಿಬಿಡಲೇ? ಆದರೆ ಎಷ್ಟು ಹಾಕಬೇಕು? ಉಪ್ಪಿನ ನೀರು ಅಳೆಯುವ ಸಿರಿಂಜಿನ ಮೇಲೆ ಸುಮಾರು ಗೆರೆ ಇದ್ದವು. ಅವ್ವ ಯಾವ ಗೆರೆಯವರೆಗೆ ಎಳೆಯುತ್ತಿದ್ದಳು ಎಂದು ಅವಳು ಯಾವತ್ತೂ ಗಮನಿಸಿರಲಿಲ್ಲ. “ಇದು ಔಷಧ, ನೀ ಮುಟ್ಟಬ್ಯಾಡ. ಕಡಿಮಿ ಆದ್ರೂ ಕಷ್ಟ, ಜಾಸ್ತಿ ಆದ್ರೂ ಕಷ್ಟ,” ಎಂದು ಅವ್ವ ಗದರಿಸುತ್ತಿದ್ದಳು.

ಹಾಗಾದರೆ ಹೇಳಲೇಬೇಕು. ಹೇಳಿದರೆ ಅಜ್ಜಿ ಮಾತು ಬಿಟ್ಟರೆ? ಅಪ್ಪ ಅಜ್ಜಿಯನ್ನು ಬೈದರೆ?

ಅಷ್ಟರಲ್ಲಿ ಒಳಗಿನಿಂದ ಸಿರಿ ಕಕ್ಕಿದ ಸದ್ದು ಕೇಳಿಸಿತು. ಓಡಿ ಹೋಗಿ ನೋಡಿದರೆ ಚಾಪೆಯ ಮೇಲೆ ಬಿದ್ದುಕೊಂಡಿದ್ದ. “ಸಿರಿ, ಏಳೋ,” ಎಂದು ಅಲುಗಾಡಿಸಿದಳು. ಅವನು ಕಣ್ಣು ಅರ್ಧ ತೆರೆದು, ಮತ್ತೆ ಮುಚ್ಚಿದ. ಅಳಲೂ ಇಲ್ಲ.

ಮಹಾನಂದಾ ಚಪ್ಪಲಿ ಕೂಡ ಹಾಕಿಕೊಳ್ಳದೆ ಹೊರಗೆ ಓಡಿದಳು.

ಅಪ್ಪ ಶಿವಸಂಗಪ್ಪ ಹಿತ್ತಲಿನ ಶೆಡ್ಡಿನಲ್ಲಿ ಮಗ್ಗದ ಮುಂದೆ ಕುಳಿತು ಸೀರೆ ನೇಯುತ್ತಿದ್ದ. ಮಗ್ಗದ ಸದ್ದಿನಲ್ಲಿ ಮಗಳ ಮಾತು ಅವನಿಗೆ ಮೊದಲು ಕೇಳಿಸಲೇ ಇಲ್ಲ. ಅವಳು ಅವನ ಅಂಗಿ ಹಿಡಿದು ಎಳೆದಳು.

“ಅಪ್ಪಾ! ಸಿರಿ ಏಳವಲ್ಲ! ಅವನ ಗಂಜ್ಯಾಗ ಉಪ್ಪಿಲ್ಲ! ಅವ್ವ ಹೋದಾಗಿಂದ ಇಲ್ಲ!”

ಅಪ್ಪ ಲಾಳಿ ಅಲ್ಲೇ ಬಿಟ್ಟು ಎದ್ದ.

ಪಕ್ಕದ ಮನೆಯ ಅಶ್ಫಾಕ ಕಾಕಾ ಆಟೋ ತಂದ. ಊರಿನ ದವಾಖಾನೆಯಲ್ಲಿ ಡಾಕ್ಟರ್ ಸಿರಿಯ ಕೈಗೆ ಸಲಾಯಿನ್ ಹಚ್ಚಿದರು. ಅಪ್ಪ ಹಳೆಯ ಚೀಟಿ ತೋರಿಸಿದ. ಅವರು ಬಾಗಲಕೋಟೆಯ ಡಾಕ್ಟರ್ ಶಹರಬಾನು ಅವರಿಗೆ ಫೋನ್ ಮಾಡಿದರು. ಆಂಬ್ಯುಲೆನ್ಸ್ ಬಂತು. ಅಪ್ಪ ಸಿರಿಯ ಪಕ್ಕ ಕುಳಿತ. ಅಜ್ಜಿ ಒಂದು ಮೂಲೆಯಲ್ಲಿ ಕುಳಿತಳು. ಮಹಾನಂದಾಳನ್ನು ಮನೆಯಲ್ಲಿ ಒಬ್ಬಳೇ ಬಿಡುವಂತಿರಲಿಲ್ಲ. ಅವಳೂ ಹತ್ತಿದಳು.

ಆಂಬ್ಯುಲೆನ್ಸ್ ಹುನಗುಂದ ದಾಟಿತು. ಮಹಾನಂದಾ ಅವಳ ಕೈ ಹಿಡಿಯಲು ಹೋದಳು. ಅಜ್ಜಿಯ ಕೈ ಸೆರಗಿನೊಳಗೆ ಮುದುಡಿಕೊಂಡಿತ್ತು.

‘ನಾನು ಹೇಳಿದ್ದಕ್ಕೆ ಸಿಟ್ಟಾಗಿದ್ದಾಳೆ,’ ಅಂದುಕೊಂಡಳು ಮಹಾನಂದಾ.

ಬಾಗಲಕೋಟೆಯ ಆಸ್ಪತ್ರೆಯಲ್ಲಿ ರಕ್ತ ತೆಗೆದರು, ಇನ್ನೊಂದು ಬಾಟಲಿ ಸಲಾಯಿನ್ ಹಚ್ಚಿದರು, ಔಷಧ ಕೊಟ್ಟರು. ಬಿಸಿಲು ಇಳಿಯುವ ಹೊತ್ತಿಗೆ ಸಿರಿ ಕಣ್ಣು ಬಿಟ್ಟ. ಸೂಜಿ ಚುಚ್ಚಿದ ಕೈ ನೋಡಿ ಜೋರಾಗಿ ಅತ್ತ. ಅವನ ಅಳು ಕೇಳಿ ಅಪ್ಪ ಗೋಡೆಗೆ ಒರಗಿ ನಕ್ಕುಬಿಟ್ಟ. ಅಷ್ಟು ಹೊತ್ತಿಗೆ ಅವ್ವನೂ ಬಾದಾಮಿಯಿಂದ ಬಸ್ಸಿನಲ್ಲಿ ಬಂದು ಮುಟ್ಟಿದಳು. ಬಂದವಳೇ ಮಗನ ತಲೆ ಸವರುತ್ತ ನಿಂತಳು.

ಡಾಕ್ಟರ್ ಶಹರಬಾನು ಬಂದರು. ಕನ್ನಡಕ ತಲೆಯ ಮೇಲೆ ಏರಿಸಿಕೊಂಡು ರಿಪೋರ್ಟ್ ನೋಡಿದರು.

“ರಕ್ತದಾಗಿನ ಉಪ್ಪು, ಸೋಡಿಯಂ, ಭಾಳ ಇಳದಿತ್ತು. ಈಗ ಏರಾಕತ್ತದ, ಚಿಂತಿಲ್ಲ. ಆದ್ರ ಉಪ್ಪಿನ ನೀರು ಯಾಕ ನಿಂತಿತ್ತು?”

ಅಪ್ಪ ನೆಲ ನೋಡಿದ.

“ನಾನಽ ನಿಲ್ಸಿದೆನ್ರಿ,” ಎಂದಳು ಬಾಳವ್ವಜ್ಜಿ, ಎದ್ದು ನಿಂತು. “ಸೊಸಿದು ತಪ್ಪಿಲ್ಲ. ಮಗಂದೂ ಇಲ್ಲ. ಉಪ್ಪು ವಿಷ ಅಂತ ತಿಳದು ನಾ ಹಾಕಲಿಲ್ಲ. ನನಗ ಬೈರಿ.”

ಡಾಕ್ಟರ್ ಬೈಯಲಿಲ್ಲ. ಕುರ್ಚಿ ಎಳೆದು ಅಜ್ಜಿಯ ಎದುರಿಗೇ ಕುಳಿತರು.

“ಕೂಡ್ರಿ ಅಜ್ಜಿ. ನಿಮಗ ಉಪ್ಪು ಬ್ಯಾಡ ಅಂತ ಹೇಳಿದವರು ಸುಳ್ಳು ಹೇಳಿಲ್ಲ. ನಾನೂ ಸುಳ್ಳು ಹೇಳಿಲ್ಲ. ನೋಡ್ರಿ, ಕಿಡ್ನಿಯೊಳಗ ಕೂದಲಕ್ಕಿಂತ ಸಣ್ಣ ನಳಿಗಿ ಇರ್ತಾವ. ರಕ್ತದಿಂದ ಸೋಸಿ ಬಂದ ನೀರು ಅದರಾಗ ಹರೀತದ. ಆ ನೀರಿನಾಗ ಉಪ್ಪೂ ಇರ್ತದ. ಅಷ್ಟೂ ಉಪ್ಪು ಮೂತ್ರದಾಗ ಹೋದ್ರ ಯಾರೂ ಬದುಕೂದಿಲ್ಲ. ಅದಕ್ಕ ನಳಿಗಿಯ ಗೋಡಿ ತುಂಬ ಸೆಲ್‌ಗಳು ಒಂದಕ್ಕೊಂದು ಹತ್ತಿ ನಿಂತಿರ್ತಾವ. ಅವಕ್ಕ ಉಪ್ಪಿಗಂತಽ ಸಣ್ಣ ಬಾಗಿಲ ಇರ್ತಾವ. ಬಾಗಿಲದಾಗ ಹಾದು ಉಪ್ಪು ಸೆಲ್ ಒಳಗ ಬರ್ತದ. ಆ ಕಡಿಂದ ಸೆಲ್ ಅದನ್ನ ಪಂಪ್ ಮಾಡಿ ವಾಪಸ್ ರಕ್ತಕ್ಕ ದಬ್ಬತದ.”

“ಬಾಗಿಲ ಯಾವಾಗ ತೆಗೀಬೇಕು ಅಂತ ಅವಕ್ಕ ಹೆಂಗ ಗೊತ್ತಾಗ್ತೈತ್ರಿ, ಮೇಡಂ?” ಮಹಾನಂದಾಳ ಬಾಯಿಂದ ತಾನಾಗಿಯೇ ಮಾತು ಬಂತು.

ಡಾಕ್ಟರ್ ಅವಳ ಕಡೆ ತಿರುಗಿದರು. “ಚಲೋ ಕೇಳಿದಿ. ಮೈಯಾಗ ಉಪ್ಪು ಕಡಿಮಿ ಆದ್ರ, ಕಿಡ್ನಿ ಮ್ಯಾಲಿನ ಒಂದು ಗ್ರಂಥಿ ರಕ್ತಕ್ಕ ಹಾರ್ಮೋನ್ ಬಿಡ್ತದ. ಅದು ಬಂದು ಮುಟ್ಟಿದ ಮ್ಯಾಲೆ ಸೆಲ್‌ಗಳು ಬಾಗಿಲ ಹೆಚ್ಚು ಮಾಡ್ತಾವ. ಉಪ್ಪು ಸಾಕಾದ್ರ ಹಾರ್ಮೋನ್ ಕಡಿಮಿ ಆಗ್ತದ, ಬಾಗಿಲಾನೂ ಕಡಿಮಿ ಆಗ್ತಾವ.”

“ಮತ್ತ ಸಿರೀದು?”

“ಇವನ ಹಾರ್ಮೋನ್ ಬಾಗಿಲ ತೆಗೀರಿ ಅಂತ ಒದರ್ತಽ ಇರ್ತದ. ಆದ್ರ ಇವನ ಸೆಲ್‌ಗಳಿಗೆ ಅದು ಸರಿಯಾಗಿ ಕೇಳಿಸೂದಿಲ್ಲ. ಬಾಗಿಲ ತೆಗಿಯೂದಿಲ್ಲ. ಉಪ್ಪು ಹಂಗಽ ಹರಿದು ಹೋಗ್ತದ. ಅದಕ್ಕ ನಾವು ಹೋದಷ್ಟು ಹಾಕಬೇಕು. ದೊಡ್ಡಾವ ಆಗ್ತಾ ಆಗ್ತಾ ಸುಧಾರಿಸ್ತಾನ.” ಆಮೇಲೆ ಅಜ್ಜಿಯ ಮೊಣಕಾಲ ಮೇಲೆ ಕೈ ಇಟ್ಟರು. “ನಿಮ್ಮ ಮೈ ಉಪ್ಪು ಬಿಡೂದಿಲ್ಲ ಅಜ್ಜಿ. ಇವನ ಮೈ ಹಿಡಿಯೂದಿಲ್ಲ. ಇಬ್ಬರಿಗೂ ಒಂದಽ ಅಡಿಗಿ ನಡಿಯೂದಿಲ್ಲ, ಅಷ್ಟಽ.”

ಅಜ್ಜಿ ತಲೆ ಆಡಿಸಿದಳು. ಅವ್ವ ಅತ್ತೆಯ ಮುಖ ನೋಡಿದಳು. ಒಂದು ಲೋಟ ನೀರು ತಂದು ಅವಳ ಕೈಗೆ ಕೊಟ್ಟಳು.

ಮಹಾನಂದಾ ಮೆಲ್ಲಗೆ ಅಜ್ಜಿಯ ಹತ್ತಿರ ಸರಿದಳು.

“ಅಜ್ಜಿ, ನಾ ಅಪ್ಪಗ ಹೇಳಿದ್ದಕ್ಕ ಸಿಟ್ಟು ಬಂತೇನ?”

“ಹುಚ್ಚಿ,” ಎಂದಳು ಅಜ್ಜಿ. ಮೊಮ್ಮಗಳ ತಲೆಯನ್ನು ತನ್ನ ಎದೆಗೆ ಒತ್ತಿಕೊಂಡಳು. “ನೀ ಸುಮ್ಮನಿದ್ದಿದ್ರ ನಾ ಏನ್ ಮಾಡ್ತಿದ್ದೆ?”

ಮರುದಿನ ಬೆಳಿಗ್ಗೆ ಸಿರಿ ಮಂಚದ ಮೇಲೆ ಕುಳಿತು, “ಗಂಜಿ! ಗಂಜಿ!” ಎಂದು ಕಾಲು ಬಡಿಯುತ್ತಿದ್ದ. ನರ್ಸಮ್ಮ ಗಂಜಿಯ ಬಟ್ಟಲನ್ನೂ ಉಪ್ಪಿನ ನೀರನ್ನೂ ತಂದಿಟ್ಟರು. ಅವ್ವ ಸಿರಿಂಜಿಗೆ ಕೈ ಚಾಚಿದಳು.

“ಕೊಡವಾ ಇಲ್ಲಿ,” ಎಂದಳು ಬಾಳವ್ವಜ್ಜಿ. “ನಾ ಹಾಕ್ತೇನಿ.”

ಅವ್ವ ಒಂದು ಗಳಿಗೆ ತಡೆದು, ಕೊಟ್ಟಳು. ಯಾವ ಗೆರೆ ಎಂದು ತೋರಿಸಿದಳು.

“ನಂದಾ, ನನಗ ಸಣ್ಣ ಗೆರಿ ಕಾಣೂದಿಲ್ಲ. ನೀ ನೋಡಿ ಹೇಳು.”

ಮಹಾನಂದಾ ಬಗ್ಗಿ, ಕಣ್ಣು ಗೆರೆಯ ಸಮಕ್ಕೆ ತಂದು ನೋಡಿದಳು. ನೀರು ಮೆಲ್ಲಗೆ ಏರಿತು. “ಇನ್ನೊಂದ್ ಸ್ವಲ್ಪ... ಇನ್ನೊಂದ್ ಸ್ವಲ್ಪ... ಸಾಕು! ಬರೋಬ್ಬರಿ ಬಂತು.”

ಅಜ್ಜಿ ಸಿರಿಂಜನ್ನು ಬಟ್ಟಲಿನ ಮೇಲೆ ಹಿಡಿದಳು. ಒತ್ತಲಿಲ್ಲ. ತುಟಿಯೊಳಗೆ ಏನೋ ಅಂದುಕೊಳ್ಳುತ್ತಿದ್ದಳು.

ಮಹಾನಂದಾ ಅವಳ ಮುಖ ನೋಡಿದಳು. ಡಾಕ್ಟರ್ ಅಷ್ಟೆಲ್ಲ ಹೇಳಿದರೂ ಅಜ್ಜಿಯ ಹೆದರಿಕೆ ಹೋಗಿರಲಿಲ್ಲ. ಊಟಕ್ಕೆ ಕುಳಿತ ಅಜ್ಜ ಅವಳ ಕಣ್ಣ ಮುಂದೆ ಇನ್ನೂ ವಾಲುತ್ತಿದ್ದನೇನೋ. ಸಿರಿ ಆ ಅಜ್ಜನ ಹಾಗೆ ಆಗಬಾರದು ಎಂದೇ ಅವಳು ಉಪ್ಪು ಹಾಕಿರಲಿಲ್ಲ. ಈಗ ಅದೇ ಸಿರಿಗಾಗಿ ಹಾಕಬೇಕು.

ಮಹಾನಂದಾ ಅಜ್ಜಿಯ ಮೊಣಕೈ ಕೆಳಗೆ ತನ್ನ ಅಂಗೈ ಇಟ್ಟು ನಿಂತಳು.

ಅಜ್ಜಿ ಒತ್ತಿದಳು. ಉಪ್ಪಿನ ನೀರು ಗಂಜಿಯೊಳಗೆ ಇಳಿಯಿತು. ಚಮಚೆಯಿಂದ ಚೆನ್ನಾಗಿ ಕಲಸಿ, ಊದಿ, ಮೊದಲ ತುತ್ತನ್ನು ಸಿರಿಯ ಬಾಯಿಗೆ ಹಿಡಿದಳು.

ಸಿರಿ ನುಂಗಿ ಮತ್ತೆ ಬಾಯಿ ತೆರೆದ.